ಹಳೆಯ ಪಿಟೀಲು ಕೈಗೆ ಬಂದಾಗ: ಬಿರುಕು, ಸವೆತ, ಹಳೆಯ ರಿಪೇರಿ ನೋಡುವ ಕ್ರಮ

ಹಳೆಯ ಪಿಟೀಲಿನ ಪೆಟ್ಟಿಗೆ ತೆರೆದವರು ಸಾಮಾನ್ಯವಾಗಿ ಮೊದಲು ಎರಡು ಕೆಲಸ ಮಾಡುತ್ತಾರೆ. ಎಫ್ ಆಕಾರದ ತೂತಿನೊಳಗೆ ಇಣುಕಿ ಲೇಬಲ್ ಓದುತ್ತಾರೆ. ಆಮೇಲೆ ಬಿರಡೆ ತಿರುಗಿಸಿ, ಸಡಿಲ ಬಿದ್ದ ತಂತಿಯನ್ನು ಬಿಗಿ ಮಾಡುತ್ತಾರೆ. ಎರಡನ್ನೂ ಸ್ವಲ್ಪ ಹೊತ್ತು ತಡೆದುಕೊಳ್ಳಿ. ಲೇಬಲ್ ಬಹಳ ಸಲ ಸುಳ್ಳು ಹೇಳುತ್ತದೆ. ತಂತಿ ಬಿಗಿದರಂತೂ, ಎಷ್ಟೋ ವರ್ಷ ಸುಮ್ನೆ ಮಲಗಿದ್ದ ಸಣ್ಣ ಬಿರುಕು ಒಂದೇ ಗಳಿಗೆಯಲ್ಲಿ ಉದ್ದಕ್ಕೆ ಸೀಳಿಕೊಂಡು ಹೋಗಬಹುದು.

ನನ್ನ ಮೊದಲ ಹಳೆಯ ಪಿಟೀಲನ್ನು ನಾನು ಮುಂಭಾಗ ಮಾತ್ರ ನೋಡಿ ಕೊಂಡೆ. ಮೇಲ್ಹಲಗೆಯಲ್ಲಿ ಒಂದು ಗೆರೆಯೂ ಇರಲಿಲ್ಲ. ಸ್ವರವೂ ಚೆನ್ನಾಗಿತ್ತು. ಕೆಲವು ತಿಂಗಳಾದ ಮೇಲೆ ಸ್ವರ ಮಂಕಾಯಿತು. ರಿಪೇರಿ ಮಾಡುವವರು ಅದನ್ನು ಬೋರಲು ಹಾಕಿ, ದೀಪವನ್ನು ಓರೆಯಾಗಿ ಹಿಡಿದು, ಹಿಂಬದಿಯಲ್ಲಿ ಬೆರಳುದ್ದದ ಒಂದು ಗೆರೆ ತೋರಿಸಿದರು. ಕಂದು ಬಣ್ಣ ತುಂಬಿ ಮುಚ್ಚಿದ್ದ ಬಿರುಕು ಅದು. ಪಿಟೀಲಿನಲ್ಲಿ ಬಿರುಕು ಬರಲೇಬಾರದ ಜಾಗ ಒಂದಿದ್ದರೆ ಅದೇ. ಆ ದಿನದಿಂದ ಹಳೆಯ ವಾದ್ಯವನ್ನು ಒಂದು ಕ್ರಮದಲ್ಲಿ ನೋಡುವ ಅಭ್ಯಾಸ ಮಾಡಿಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಮಾತು ಪಿಟೀಲಿನ ಬಗ್ಗೆ. ಅದೇ ಜಾತಿಯ ದೊಡ್ಡ ವಾದ್ಯಗಳಾದ ವಿಯೋಲ, ಚೆಲ್ಲೊಗಳಿಗೂ ಇದೇ ಕ್ರಮ ಸಾಕು. ಗಿಟಾರ್ ಬಗ್ಗೆ ಆಮೇಲೆ ಸ್ವಲ್ಪ ಹೇಳುತ್ತೇನೆ.

ಹಳೆಯ ವಾದ್ಯದಲ್ಲಿ ಕಣ್ಣಿಗೆ ಬೀಳುವುದೆಲ್ಲ ಹಾನಿಯಲ್ಲ. ಕೈ ತಾಗಿ ತಾಗಿ ಸವೆದದ್ದು ಬೇರೆ. ಅಂಟು ಬಿಟ್ಟದ್ದು ಬೇರೆ. ಮರವೇ ಸೀಳಿದ್ದು ಬೇರೆ. ಇವೆಲ್ಲಕ್ಕಿಂತ ನನಗೆ ಜಾಸ್ತಿ ಭಯ ಹುಟ್ಟಿಸುವುದು ಹಿಂದೆ ಯಾರೋ ಅವಸರದಲ್ಲಿ ಮಾಡಿದ ಕೆಟ್ಟ ರಿಪೇರಿ. ಇವನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಹಂತ 1: ಕೈ ಹಾಕುವ ಮುಂಚೆ

ಬೇಕಾದ ಸಾಮಾನು ಕಡಿಮೆ. ಒಂದು ಸಣ್ಣ ಟಾರ್ಚ್, ಹಲ್ಲಿನ ಡಾಕ್ಟರ್ ಬಳಸುವಂಥ ಪುಟ್ಟ ಕನ್ನಡಿ, ಭೂತಗನ್ನಡಿ, ಸ್ಕೇಲು, ತೆಳು ಕಾಗದದ ಒಂದು ಚೂರು. ಮೇಜಿನ ಮೇಲೆ ದಪ್ಪನೆಯ ಮೆತ್ತಗಿನ ಬಟ್ಟೆ ಹಾಸಿ. ಉಂಗುರ, ವಾಚು ತೆಗೆದಿಡಿ. ಕೈಗೆ ಸ್ಯಾನಿಟೈಜರ್ ಹಚ್ಚಿಕೊಂಡು ಮುಟ್ಟಲೇಬೇಡಿ. ಅದರಲ್ಲಿರುವ ಆಲ್ಕೊಹಾಲ್ ಹಳೆಯ ವಾರ್ನಿಷನ್ನು ಕರಗಿಸುತ್ತದೆ. ಬೆರಳಚ್ಚು ಹಾಗೇ ಉಳಿದುಬಿಡುತ್ತದೆ.

ಪಿಟೀಲನ್ನು ಕತ್ತಿನ ಭಾಗದಲ್ಲಿ ಹಿಡಿದು ಎತ್ತಿ. ತುಂಬ ಮೆಲ್ಲಗೆ ವಾಲಿಸಿ ನೋಡಿ. ಒಳಗೆ ಕಡ್ಡಿಯೊಂದು ಉರುಳಿದ ಸದ್ದು ಬಂತೇ? ಹಾಗಾದರೆ ಸೌಂಡ್ ಪೋಸ್ಟ್ ಬಿದ್ದಿದೆ. ಅದು ಸುಮಾರು 6 ಮಿ.ಮೀ. ದಪ್ಪದ, ಸ್ಪ್ರೂಸ್ ಮರದ ದುಂಡು ಕಡ್ಡಿ. ಮೇಲ್ಹಲಗೆಗೂ ಹಿಂಹಲಗೆಗೂ ನಡುವೆ ಕಂಬದ ಹಾಗೆ ನಿಂತಿರುತ್ತದೆ. ಅದಕ್ಕೆ ಅಂಟು ಹಾಕಿರುವುದಿಲ್ಲ. ಅಳತೆ ಸರಿಯಿರುವುದರಿಂದಲೇ, ಮೇಲಿಂದ ಬೀಳುವ ಒತ್ತಡದಿಂದಲೇ ಅದು ನಿಲ್ಲುವುದು.

ಪೋಸ್ಟ್ ಬಿದ್ದಿದ್ದರೆ ತಂತಿಗಳನ್ನು ಕೂಡಲೇ ಸಡಿಲಿಸಿ. ಪಿಟೀಲಿನ ನಾಲ್ಕು ತಂತಿಗಳು ಒಟ್ಟಾಗಿ 20 ಕೆ.ಜಿ.ಗೂ ಹೆಚ್ಚು ಬಲದಿಂದ ಎಳೆಯುತ್ತವೆ. ಅದರಲ್ಲಿ ಹಲವು ಕೆ.ಜಿ. ಭಾರ ಕುದುರೆಯ, ಅಂದರೆ ತಂತಿಗಳನ್ನು ಹೊತ್ತು ನಿಂತ ಮರದ ಸೇತುವೆಯ, ಮೂಲಕ ಮೇಲ್ಹಲಗೆಯ ಮೇಲೆ ಬೀಳುತ್ತದೆ. ಆ ಹಲಗೆಯ ದಪ್ಪ ಬರೀ 2.5ರಿಂದ 3 ಮಿ.ಮೀ. ಕೆಳಗೆ ಕಂಬವೇ ಇಲ್ಲದಿದ್ದರೆ ಅದು ತಾಳುವುದಾದರೂ ಹೇಗೆ?

ಪೋಸ್ಟ್ ನಿಂತೇ ಇದ್ದರೆ ಇದರ ಉಲ್ಟಾ ಎಚ್ಚರಿಕೆ ಬೇಕು. ನಾಲ್ಕೂ ತಂತಿಗಳನ್ನು ಒಟ್ಟಿಗೆ ಬಿಚ್ಚಬೇಡಿ. ಒತ್ತಡ ಹೋದರೆ ಪೋಸ್ಟೂ ಬೀಳುತ್ತದೆ, ಕುದುರೆಯೂ ಬೀಳುತ್ತದೆ.

ಹಂತ 2: ದೂರದಿಂದ ಒಂದು ನೋಟ

ಪಿಟೀಲನ್ನು ಮೇಜಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಎಡಬಲ ಸರಿಸಮ ಕಾಣುತ್ತಿದೆಯೇ? ಕತ್ತು ನೇರವಾಗಿ ನಡುಗೆರೆಯ ಮೇಲೆ ಬಂದಿದೆಯೇ, ಒಂದು ಕಡೆಗೆ ವಾಲಿದೆಯೇ? ಆಮೇಲೆ ಬುಡದಿಂದ ಕಣ್ಣು ಹಾಯಿಸಿ. ಮೇಲ್ಹಲಗೆಯ ಉಬ್ಬು ಎರಡೂ ಬದಿಯಲ್ಲಿ ಒಂದೇ ರೀತಿ ಇರಬೇಕು. ಎಡಬದಿಯಲ್ಲಿ ತಗ್ಗಿದ್ದರೆ ಒಳಗಿನ ಬಾಸ್ ಬಾರ್ ಬಗ್ಗೆ ಅನುಮಾನ ಪಡಬೇಕು. ಬಾಸ್ ಬಾರ್ ಅಂದರೆ ಅತಿ ದಪ್ಪ ತಂತಿಯ ಕೆಳಗೆ, ಹಲಗೆಯ ಒಳಮೈಗೆ ಉದ್ದಕ್ಕೆ ಅಂಟಿಸಿದ ಪಟ್ಟಿ. ಬಲಬದಿ ಉಬ್ಬಿಕೊಂಡಿದ್ದರೆ ಯಾರೋ ಅಳತೆಗಿಂತ ಉದ್ದದ ಪೋಸ್ಟನ್ನು ಬಲವಂತವಾಗಿ ತುರುಕಿರಬಹುದು.

ಕುದುರೆಯನ್ನು ಪಕ್ಕದಿಂದ ನೋಡಿ. ಅದರ ಹಿಂಬದಿ, ಅಂದರೆ ತಂತಿಗಳ ಕೆಳತುದಿ ಸಿಕ್ಕಿಸುವ ಟೈಲ್‌ಪೀಸ್ ಕಡೆಯ ಮುಖ, ಹಲಗೆಗೆ ನೆಟ್ಟಗೆ ನಿಂತಿರಬೇಕು. ಪ್ರತಿ ಸಲ ಶ್ರುತಿ ಮಾಡುವಾಗಲೂ ತಂತಿ ಕುದುರೆಯ ತಲೆಯನ್ನು ಬಿರಡೆಯ ಕಡೆಗೆ ಸ್ವಲ್ಪ ಸ್ವಲ್ಪವೇ ಎಳೆಯುತ್ತದೆ. ಯಾರೂ ತಿದ್ದದಿದ್ದರೆ ಅದು ಬಾಗಿ ಸೊಟ್ಟಗಾಗುತ್ತದೆ. ಒಂದು ದಿನ ಠಪ್ಪೆಂದು ಬೀಳುತ್ತದೆ. ಕುದುರೆ ಹಾಳಾದರೆ ಚಿಂತೆಯಿಲ್ಲ, ಅದು ಬದಲಾಯಿಸುವ ವಸ್ತುವೇ. ಬೀಳುವಾಗ ಹಲಗೆಗೆ ಕೊಡುವ ಪೆಟ್ಟಿಗೆ ಹೆದರಬೇಕು.

ಹಂತ 3: ಅಂಚುಗಳನ್ನು ತಟ್ಟಿ ಕೇಳಿ

ಇದು ನನಗೆ ತುಂಬ ಇಷ್ಟವಾದ ಹಂತ. ಬೆರಳಿನ ಗೆಣ್ಣಿನಿಂದ ಪಿಟೀಲಿನ ಅಂಚಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಎರಡು ಬೆರಳಗಲಕ್ಕೆ ಒಂದು ಸಲ ತಟ್ಟಿದರೆ ಸಾಕು. ಗಟ್ಟಿ ಕೂಡಿಕೊಂಡ ಜಾಗದಲ್ಲಿ ಸದ್ದು ಮುದ್ದೆಯಾಗಿ, ತುಂಬಿದ ಹಾಗೆ ಬರುತ್ತದೆ. ಅಂಟು ಬಿಟ್ಟ ಜಾಗದಲ್ಲಿ ಎರಡು ಚಿಪ್ಪು ತಾಗಿದಂತೆ ಟಪಟಪ ಎನ್ನುತ್ತದೆ. ಒಂದು ಸಲ ಆ ವ್ಯತ್ಯಾಸ ಕಿವಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಅನುಮಾನ ಬಂದ ಕಡೆ ಕಾಗದದ ಚೂರನ್ನು ಅಂಚಿನ ಸಂದಿಗೆ ತಾಗಿಸಿ ನೋಡಿ. ಒಳಗೆ ಜಾರಿತು ಅಂದರೆ ಸಂದು ಬಿಟ್ಟಿದೆ. ತುರುಕಲು ಹೋಗಬೇಡಿ, ಚಾಕು ಬ್ಲೇಡು ಹಾಕಲೇಬೇಡಿ.

ಅಂಟು ಬಿಟ್ಟಿದೆ ಅಂತ ಗೊತ್ತಾದಾಗ ಎಷ್ಟೋ ಜನ ಗಾಬರಿಯಾಗುತ್ತಾರೆ. ಗಾಬರಿ ಬೇಡ. ಹೀಗಾಗಲಿ ಅಂತಲೇ ಪಿಟೀಲನ್ನು ಕಟ್ಟಿರುತ್ತಾರೆ. ಇದಕ್ಕೆ ಬಳಸುವುದು ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟು. ಅದನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ ಹಚ್ಚುತ್ತಾರೆ. ಬಿಸಿ ಮತ್ತು ನೀರು ತಾಗಿಸಿದರೆ ಅದನ್ನು ಮತ್ತೆ ಬಿಡಿಸಬಹುದು. ಮೇಲ್ಹಲಗೆಯನ್ನು ಕೂಡಿಸುವಾಗ ಇದನ್ನೇ ಬೇಕೆಂದೇ ಇನ್ನೂ ತೆಳ್ಳಗೆ ಮಾಡಿಕೊಳ್ಳುತ್ತಾರೆ. ಯಾಕೆ?

ಮರ ಒಣ ಹವೆಯಲ್ಲಿ ಕುಗ್ಗುತ್ತದೆ, ತೇವದಲ್ಲಿ ಹಿಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಎಳೆಗೆ ಅಡ್ಡವಾಗಿ ಜಾಸ್ತಿ. ಆದರೆ ಹಲಗೆಯನ್ನು ಸುತ್ತ ಪಕ್ಕದ ಪಟ್ಟಿಗಳಿಗೆ ಅಂಟಿಸಿಬಿಟ್ಟಿದ್ದಾರೆ, ಅಲ್ವಾ? ಕುಗ್ಗಲು ಜಾಗವಿಲ್ಲ. ಆಗ ಎರಡರಲ್ಲಿ ಒಂದು ಸೋಲಬೇಕು: ಅಂಟು ಇಲ್ಲವೇ ಮರ. ಅಂಟು ಬೇಗ ಸೋತರೆ ಮರ ಉಳಿಯುತ್ತದೆ. ಹಾಗಾಗಿ ಬಿಟ್ಟುಕೊಂಡ ಸಂದು ಪಿಟೀಲು ತನ್ನನ್ನು ಕಾಪಾಡಿಕೊಂಡ ಗುರುತು. ಬಲ್ಲವರಿಗೆ ಅದನ್ನು ಮತ್ತೆ ಕೂಡಿಸುವುದು ಸಣ್ಣ ಕೆಲಸ. ಹಾಗೇ ಬಿಟ್ಟು ನುಡಿಸುತ್ತಾ ಹೋದರೆ ಮಾತ್ರ ಅಂಚು ಸೊಟ್ಟಗಾಗಿ ಆಮೇಲೆ ಸರಿಯಾಗಿ ಕೂರುವುದಿಲ್ಲ.

ಈಗ ಕೆಟ್ಟ ರಿಪೇರಿಯ ಮಾತು. ಬಿಟ್ಟ ಸಂದಿಗೆ ಯಾರಾದರೂ ಸೂಪರ್ ಗ್ಲೂ, ಎಪಾಕ್ಸಿ, ಇಲ್ಲವೇ ಬಡಗಿಗಳ ಬಿಳಿ ಅಂಟು ಹಾಕಿದ್ದಾರೆಯೇ ನೋಡಿ. ಸಂದಿಯಿಂದ ಹೊರಗೆ ಉಕ್ಕಿ ಗಟ್ಟಿಯಾದ ಹೊಳೆಯುವ ಹನಿಗಳು, ಗಾಜಿನಂಥ ಗೆರೆ, ಬಿಳಿಚಿದ ಕಲೆ ಇದ್ದರೆ ಅನುಮಾನ ಪಡಿ. ಇಂಥ ಅಂಟು ಮರಕ್ಕಿಂತ ಗಟ್ಟಿ. ಮುಂದಿನ ಒಣ ಹವೆಯಲ್ಲಿ ಅಂಟು ಬಿಡುವುದಿಲ್ಲ, ಅದರ ಪಕ್ಕದ ಮರ ಸೀಳುತ್ತದೆ. ಒಳಗಿನ ಕೆಲಸಕ್ಕೆ ಹಲಗೆ ತೆರೆಯಬೇಕಾಗಿ ಬಂದಾಗ ಮರದ ಎಳೆಗಳು ಕಿತ್ತುಕೊಂಡೇ ಬರುತ್ತವೆ. ಐದು ನಿಮಿಷದ ಅಂಟಿನ ಕೆಲಸವನ್ನು ಬಿಡಿಸಲು ದಿನಗಟ್ಟಲೆ ಕುಳಿತವರನ್ನು ನೋಡಿದ್ದೇನೆ.

ಹಂತ 4: ಮೇಲ್ಹಲಗೆಯ ಬಿರುಕುಗಳು

ಕೋಣೆಯ ದೀಪ ಆರಿಸಿ. ಟಾರ್ಚನ್ನು ಹಲಗೆಯ ಮಟ್ಟಕ್ಕೆ ತಂದು ಪಕ್ಕದಿಂದ ಬೆಳಕು ಬಿಡಿ. ಎದುರಿನ ಬೆಳಕಿನಲ್ಲಿ ಕಾಣದ ಗೆರೆಗಳು ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಟಾರ್ಚನ್ನು ನಾಲ್ಕೂ ದಿಕ್ಕಿನಿಂದ ಹಿಡಿದು ನೋಡಿ.

ಗೀರು ಯಾವುದು, ಬಿರುಕು ಯಾವುದು? ಗೀರು ವಾರ್ನಿಷ್‌ನ ಮೇಲೆ ಹೇಗೆ ಬೇಕಾದರೂ ಹೋಗುತ್ತದೆ, ಅಡ್ಡಡ್ಡ, ಸೊಟ್ಟಸೊಟ್ಟ. ಮೇಲ್ಹಲಗೆ ಸ್ಪ್ರೂಸ್ ಮರದ್ದು. ಅದರ ಬಿರುಕು ಮರದ ಎಳೆಯನ್ನು ಹಿಡಿದು ನೇರವಾಗಿ ಹೋಗುತ್ತದೆ. ಬೆರಳ ತುದಿಯನ್ನು ಅದರ ಮೇಲೆ ಅಡ್ಡಕ್ಕೆ ಆಡಿಸಿ. ಒಂದು ಅಂಚು ಸ್ವಲ್ಪ ಮೇಲಿದ್ದ ಹಾಗೆ ಅನಿಸಿದರೆ ಬಿರುಕೇ. ಇನ್ನೊಂದು ಉಪಾಯವಿದೆ. ಎಫ್ ತೂತಿನ ಮೂಲಕ ಒಳಗೆ ಹೋಗುವಷ್ಟು ಸಣ್ಣ ಎಲ್‌ಇಡಿ ದೀಪವನ್ನು ಜೋಪಾನವಾಗಿ ಇಳಿಬಿಟ್ಟು, ಕತ್ತಲಲ್ಲಿ ಹೊರಗಿನಿಂದ ನೋಡಿ. ಬಾಯಿ ಬಿಟ್ಟ ಬಿರುಕಿನಲ್ಲಿ ಬೆಳಕು ಗೆರೆಯಾಗಿ ಕಾಣುತ್ತದೆ. ಆದರೆ ಬೆಳಕು ಕಾಣಲಿಲ್ಲ ಅಂದ ಮಾತ್ರಕ್ಕೆ ಬಿರುಕಿಲ್ಲ ಅಂತಲ್ಲ. ಮುಚ್ಚಿಕೊಂಡದ್ದೂ ಇರಬಹುದು.

ಬಿರುಕು ಎಲ್ಲಿದೆ ಅನ್ನುವುದು ಅದರ ಉದ್ದಕ್ಕಿಂತ ಮುಖ್ಯ.

ಎಫ್ ತೂತಿನ ಕೆಳತುದಿಯ ಹತ್ತಿರ ರೆಕ್ಕೆಯ ಹಾಗೆ ಚಾಚಿಕೊಂಡ ಭಾಗವೊಂದಿದೆ. ಅದು ಒಂದೇ ಕಡೆ ಹಲಗೆಗೆ ಹಿಡಿದುಕೊಂಡಿರುತ್ತದೆ. ಅಲ್ಲಿ ಬಿರುಕು ಬರುವುದು ತುಂಬ ಸಾಮಾನ್ಯ. ಒರೆಸುವ ಬಟ್ಟೆ ಸಿಕ್ಕಿಕೊಂಡು ಎಳೆದರೂ ಸಾಕು. ಸರಿಯಾಗಿ ಅಂಟಿಸಿದರೆ ದೊಡ್ಡ ತೊಂದರೆಯಿಲ್ಲ.

ಬುಡದಲ್ಲಿ, ಟೈಲ್‌ಪೀಸಿನ ದಾರ ಹಾದು ಹೋಗುವ ಕಡೆ, ಸ್ಯಾಡಲ್ ಅನ್ನುವ ಕರಿಮರದ ಸಣ್ಣ ತುಂಡೊಂದು ಇರುತ್ತದೆ. ಅದರ ಎರಡು ತುದಿಗಳಿಂದ ಬಿರುಕು ಮೇಲಕ್ಕೆ ಹತ್ತಿರುವುದನ್ನು ಹಳೆಯ ಪಿಟೀಲುಗಳಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ಕಾರಣ ಮತ್ತೆ ಅದೇ: ಹಲಗೆ ಅಡ್ಡಕ್ಕೆ ಕುಗ್ಗುತ್ತದೆ, ಕರಿಮರದ ತುಂಡು ಉದ್ದದ ಎಳೆಯದ್ದು, ಅದು ಕುಗ್ಗುವುದಿಲ್ಲ. ತುಂಡಿನ ಎರಡೂ ಕಡೆ ಕೂದಲೆಳೆಯಷ್ಟು ಜಾಗ ಬಿಟ್ಟಿರಬೇಕು. ಬಿಡದಿದ್ದರೆ ಅದು ಹಲಗೆಯನ್ನು ಆಪಿನ ಹಾಗೆ ಸೀಳುತ್ತದೆ. ಬಿರುಕು ಅಂಟಿಸುವಾಗ ಸ್ಯಾಡಲ್ ತುದಿಯನ್ನೂ ಸ್ವಲ್ಪ ಕೆತ್ತಿಸಿ. ಇಲ್ಲದಿದ್ದರೆ ಅದೇ ಬಿರುಕು ಮತ್ತೆ ಬರುತ್ತದೆ.

ಬಾಸ್ ಬಾರ್ ಉದ್ದಕ್ಕೆ ಬಂದ ಬಿರುಕು ಇದಕ್ಕಿಂತ ಗಂಭೀರ. ಎಡ ಎಫ್ ತೂತಿನ ಒಳಬದಿಯಲ್ಲಿ, ಕುದುರೆಯ ಎಡಗಾಲಿನ ನೇರಕ್ಕೆ ಉದ್ದ ಗೆರೆ ಇದ್ದರೆ ಹಲಗೆ ತೆರೆದೇ ಸರಿಮಾಡಬೇಕಾಗುತ್ತದೆ.

ಎಲ್ಲಕ್ಕಿಂತ ಎಚ್ಚರದಿಂದ ನೋಡಬೇಕಾದದ್ದು ಸೌಂಡ್ ಪೋಸ್ಟಿನ ಜಾಗ. ಅದು ಕುದುರೆಯ ಬಲಗಾಲಿನ ಸ್ವಲ್ಪ ಹಿಂದೆ, ಅಂದರೆ ಟೈಲ್‌ಪೀಸಿನ ಕಡೆ, ಒಂದೆರಡು ಮಿಲಿಮೀಟರ್ ದೂರದಲ್ಲಿ ನಿಂತಿರುತ್ತದೆ. ಮೇಲಿಂದ ಕುದುರೆ ಒತ್ತುತ್ತದೆ, ಕೆಳಗಿಂದ ಪೋಸ್ಟ್ ಒತ್ತುತ್ತದೆ. ಈ ಜಾಗದಲ್ಲಿ ಬಿರುಕು ಬಂದರೆ ಸುಮ್ನೆ ಅಂಟಿಸಿದರೆ ನಿಲ್ಲುವುದಿಲ್ಲ. ಹಲಗೆ ತೆರೆದು, ಒಳಬದಿಯಿಂದ ಮರವನ್ನು ಕೆತ್ತಿ ತೆಳ್ಳಗೆ ಮಾಡಿ, ಹೊಸ ಸ್ಪ್ರೂಸ್ ತುಂಡನ್ನು ಕೂದಲೆಳೆ ಸಂದಿಲ್ಲದಂತೆ ಕೂರಿಸಬೇಕು. ಇದನ್ನು ಪ್ಯಾಚ್ ಅನ್ನುತ್ತಾರೆ. ಬಲ್ಲ ಕೈ ಮಾಡಿದ್ದರೆ ಆಮೇಲೆ ಬಹಳ ಕಾಲ ಬಾಳುತ್ತದೆ.

ಹಂತ 5: ತಿರುಗಿಸಿ, ಹಿಂಬದಿ ನೋಡಿ

ಹಿಂಹಲಗೆ ಮೇಪಲ್ ಮರದ್ದು. ಮೇಲ್ಹಲಗೆಗಿಂತ ದಪ್ಪ, ಗಟ್ಟಿ. ನಡುವಿನಲ್ಲಿ 4 ಮಿ.ಮೀ.ಗಿಂತ ಹೆಚ್ಚೇ ಇರುತ್ತದೆ. ಹಾಗಾಗಿ ಇಲ್ಲಿ ಬಿರುಕು ಕಡಿಮೆ. ಆದರೆ ಬಂದರೆ ಭಾರಿ. ಪೋಸ್ಟಿನ ಬುಡ ತಾಗುವ ಜಾಗವನ್ನು, ಮುಂದಿನಿಂದ ಅಂದಾಜು ಮಾಡಿಕೊಂಡು, ಓರೆ ಬೆಳಕಿನಲ್ಲಿ ಹತ್ತು ಸಲ ನೋಡಿ. ನನ್ನ ಪಿಟೀಲಿನಲ್ಲಿ ಇದ್ದದ್ದು ಇಲ್ಲೇ. ಮೇಲ್ಹಲಗೆಯ ಪೋಸ್ಟ್ ಬಿರುಕಿಗಿಂತ ಹಿಂಹಲಗೆಯದು ವಾದ್ಯದ ಬೆಲೆಯನ್ನು ಜಾಸ್ತಿ ಇಳಿಸುತ್ತದೆ. ಸುತ್ತಲಿನ ವಾರ್ನಿಷ್‌ಗಿಂತ ಬೇರೆ ಬಣ್ಣದ, ಬೇರೆ ಹೊಳಪಿನ ಪುಟ್ಟ ಕಲೆ ಇದ್ದರೆ ಕೇಳಿ: ಇಲ್ಲಿ ಏನಾಗಿತ್ತು?

ಕೊಂಡುಕೊಳ್ಳುವವರು ಇದನ್ನು ಬಾಯಿಬಿಟ್ಟು ಕೇಳಲು ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಉತ್ತರವನ್ನು ಬರೆದುಕೊಡಲು ಹೇಳಿ.

ಮೇಲುಗಡೆ, ಕತ್ತಿನ ಹಿಮ್ಮಡಿಯನ್ನು ಮುಚ್ಚಿ ಅರ್ಧಚಂದ್ರದಂತೆ ಚಾಚಿದ ಹಿಂಹಲಗೆಯ ತುದಿಯನ್ನು ಬಟನ್ ಅನ್ನುತ್ತಾರೆ. ಕತ್ತನ್ನು ಹಿಡಿದು ನಿಲ್ಲಿಸುವುದರಲ್ಲಿ ಅದರ ಪಾಲು ದೊಡ್ಡದು. ಅದರ ಬುಡದಲ್ಲಿ ಅಡ್ಡ ಗೆರೆ ಇದ್ದರೆ ಮುರಿದು ಕೂಡಿಸಿದ್ದಾರೆ ಅಂತ ಅರ್ಥ. ಹಿಮ್ಮಡಿಗೂ ಬಟನ್‌ಗೂ ನಡುವೆ ಸಂದು ಕಂಡರೆ ಕತ್ತು ಬಿಟ್ಟುಕೊಳ್ಳುತ್ತಿದೆ. ತಂತಿ ಸಡಿಲಿಸಿ, ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಪಕ್ಕದ ಪಟ್ಟಿಗಳು ಸುಮಾರು 1 ಮಿ.ಮೀ. ದಪ್ಪದವು. ಗಲ್ಲ ಊರಲು ಹಾಕುವ ಚಿನ್ ರೆಸ್ಟಿನ ಹಿಡಿಕೆಯನ್ನು ಜಾಸ್ತಿ ಬಿಗಿದ ಕಡೆ ಅವು ಬಿರಿಯುತ್ತವೆ, ಒಳಕ್ಕೆ ತಗ್ಗುತ್ತವೆ. ಅಲ್ಲಿ ಒಮ್ಮೆ ಕಣ್ಣಾಡಿಸಿ.

ಹಂತ 6: ಕತ್ತು ಮತ್ತು ಬಿರಡೆ ಪೆಟ್ಟಿಗೆ

ತಂತಿಯ ಎಳೆತಕ್ಕೆ ಕತ್ತು ವರ್ಷಗಳ ಕಾಲ ಮುಂದಕ್ಕೆ ಬಾಗುತ್ತಾ ಬರುತ್ತದೆ. ಆಗ ತಂತಿ ಫಿಂಗರ್ ಬೋರ್ಡಿನಿಂದ, ಅಂದರೆ ಬೆರಳು ಒತ್ತುವ ಪಟ್ಟಿಯಿಂದ, ಎತ್ತರವಾಗಿ ಒತ್ತಲು ಕಷ್ಟವಾಗುತ್ತದೆ. ಸುಲಭ ದಾರಿ ಅಂತ ಕುದುರೆಯನ್ನು ಕತ್ತರಿಸಿ ಗಿಡ್ಡ ಮಾಡುತ್ತಾರೆ. ಸ್ವರ ಸೊರಗುತ್ತದೆ. ಅಳೆಯುವುದು ಹೀಗೆ: ಉದ್ದ ಸ್ಕೇಲನ್ನು ಫಿಂಗರ್ ಬೋರ್ಡಿನ ನಡುವೆ ಇಟ್ಟು ಕುದುರೆಯವರೆಗೆ ಚಾಚಿ. ಅದು ಕುದುರೆಯನ್ನು ತಾಗುವ ಜಾಗ ಮೇಲ್ಹಲಗೆಯಿಂದ ಸುಮಾರು 27 ಮಿ.ಮೀ. ಎತ್ತರದಲ್ಲಿರಬೇಕು. ಎರಡು ಮೂರು ಮಿಲಿಮೀಟರ್ ಕಡಿಮೆಯಿದ್ದರೆ ಕತ್ತನ್ನು ಎತ್ತಿ ಕೂರಿಸುವ ಕೆಲಸ ಬಾಕಿಯಿದೆ ಎಂದು ತಿಳಿಯಿರಿ. ಪೂರ್ತಿ ಅಳತೆಯ ಪಿಟೀಲಿಗೆ ಈ ಲೆಕ್ಕ. ಅದರ ಮೈಯ ಉದ್ದ ಸುಮಾರು 356 ಮಿ.ಮೀ. ಇರುತ್ತದೆ.

ಬಿರಡೆಗಳು ಕತ್ತಿನ ತುದಿಯ ಟೊಳ್ಳು ಪೆಟ್ಟಿಗೆಗೆ ಸಿಕ್ಕಿಸಿದ, ಒಂದು ತುದಿಗೆ ಸಣ್ಣಗಾಗುತ್ತಾ ಹೋಗುವ ಗೂಟಗಳು. ಜಾರುತ್ತವೆ ಅಂತ ಒತ್ತಿ ಒತ್ತಿ ತಿರುಗಿಸಿದರೆ ಪೆಟ್ಟಿಗೆಯ ಗೋಡೆ ಸೀಳುತ್ತದೆ. ತೂತುಗಳಿಂದ ಹೊರಟ ಕೂದಲೆಳೆ ಬಿರುಕು ಇದೆಯೇ ಎಂದು ಭೂತಗನ್ನಡಿಯಲ್ಲಿ ಎರಡೂ ಬದಿ ನೋಡಿ. ತೂತಿನ ಸುತ್ತ ಬೇರೆ ಮರದ ಬಳೆ ಕಾಣಿಸಿದರೆ ಹೆದರಬೇಡಿ. ಸವೆದು ದೊಡ್ಡದಾದ ತೂತನ್ನು ಮುಚ್ಚಿ ಹೊಸದಾಗಿ ಕೊರೆದಿದ್ದಾರೆ. ಅದು ಒಳ್ಳೆಯ ರಿಪೇರಿ.

ಬಿರಡೆ ಪೆಟ್ಟಿಗೆಯ ಬುಡದಲ್ಲಿ ಕತ್ತಿಗೆ ಬೇರೆ ಮರ ಕೂಡಿಸಿದ ಗೆರೆ ಕಂಡರೆ ಅದು ಮುರಿದದ್ದಲ್ಲ. 1800ರ ಆಸುಪಾಸಿನಲ್ಲಿ ಪಿಟೀಲಿನ ಕತ್ತನ್ನು ಉದ್ದ ಮಾಡಿ, ಹಿಂದಕ್ಕೆ ಜಾಸ್ತಿ ವಾಲಿಸುವ ಪದ್ಧತಿ ಬಂತು. ಆಗ ಹಳೆಯ ವಾದ್ಯಗಳ ಸುರುಳಿ ತಲೆಯನ್ನು ಉಳಿಸಿಕೊಂಡು ಕತ್ತನ್ನು ಮಾತ್ರ ಹೊಸದಾಗಿ ಕಸಿ ಮಾಡಿದರು. ಅದಕ್ಕಿಂತ ಹಿಂದಿನ ಪಿಟೀಲುಗಳಲ್ಲಿ ಬಹುಪಾಲಿಗೆ ಈ ಕಸಿ ಇದೆ. ಇದೇ ಕಾರಣಕ್ಕೆ, ಹೊಸ ವಾದ್ಯವನ್ನು ಹಳೆಯದೆಂದು ತೋರಿಸಲು ಸುಮ್ಮನೆ ಗೆರೆ ಕೊರೆದವರೂ ಇದ್ದಾರೆ. ನಿಜವಾದ ಕಸಿಯಲ್ಲಿ ಗೆರೆಯ ಎರಡು ಕಡೆ ಮರದ ಎಳೆ ಬೇರೆ ಬೇರೆ ಇರುತ್ತದೆ.

ಹಂತ 7: ಒಳಗೆ ಇಣುಕಿ

ಎಫ್ ತೂತಿನಿಂದ ಕನ್ನಡಿ, ಟಾರ್ಚ್ ಬಳಸಿ ನೋಡಿ. ಫೋನಿಗೆ ಜೋಡಿಸುವ ತೆಳು ವಯರಿನ ಕ್ಯಾಮೆರಾ ಸಿಕ್ಕಿದರೆ ಇನ್ನೂ ಒಳ್ಳೆಯದು. ಬಿರುಕಿನ ಗೆರೆಯ ಮೇಲೆ ಸಾಲಾಗಿ ಅಂಟಿಸಿದ ಸಣ್ಣ ಚೌಕ ಅಥವಾ ವಜ್ರಾಕಾರದ ಮರದ ಬಿಲ್ಲೆಗಳು ಕಾಣಬಹುದು. ಅಂಚು ಇಳಿಜಾರು ಮಾಡಿದ, ತೆಳ್ಳಗಿನ, ಅಚ್ಚುಕಟ್ಟಾದ ಬಿಲ್ಲೆಗಳಿದ್ದರೆ ತಿಳಿದವರ ಕೈ ಅದು. ದಪ್ಪ ತುಂಡು, ಸುರಿದ ಅಂಟು, ಬಟ್ಟೆಯ ಪಟ್ಟಿ ಕಂಡರೆ ಆ ಕೆಲಸವನ್ನು ಮತ್ತೆ ಮಾಡಿಸಬೇಕಾದೀತು.

ಮೂಲೆಗಳಲ್ಲಿ ಮರದ ಗಟ್ಟಿ ತುಂಡುಗಳಿವೆಯೇ? ಬಾಸ್ ಬಾರ್ ಅಂಟಿಸಿದ್ದೇ, ಅಥವಾ ಹಲಗೆಯಲ್ಲೇ ಕೆತ್ತಿ ಉಳಿಸಿದ್ದೇ? ಅಂಚಿನ ಸುತ್ತ ಓಡುವ ಕಪ್ಪು ಬಿಳಿ ಗೆರೆ, ಪರ್ಫ್ಲಿಂಗ್, ನಿಜವಾಗಿ ಮರದ ಎಳೆ ಕೂರಿಸಿದ್ದೇ, ಬಣ್ಣದಲ್ಲಿ ಬರೆದದ್ದೇ? ಪರ್ಫ್ಲಿಂಗ್ ಬರೀ ಅಲಂಕಾರವಲ್ಲ. ಅಂಚಿಗೆ ಬಿದ್ದ ಪೆಟ್ಟಿನ ಬಿರುಕು ಒಳಕ್ಕೆ ಓಡದಂತೆ ತಡೆಯುತ್ತದೆ. ಬಣ್ಣದ ಗೆರೆ, ಖಾಲಿ ಮೂಲೆ, ಕೆತ್ತಿದ ಬಾರ್ ಇವು ಅಗ್ಗದ ಕಾರ್ಖಾನೆ ಕೆಲಸದ ಗುರುತು.

ಹುಳದ ತೂತುಗಳೂ ಇರಬಹುದು. ಮರ ಕೊರೆಯುವ ಕುಟ್ಟೆ ಹುಳು ಹೊರಗೆ ಬರುವಾಗ ಒಂದೆರಡು ಮಿ.ಮೀ. ಅಗಲದ ದುಂಡು ತೂತು ಮಾಡುತ್ತದೆ. ಹೊರಗೆ ಎರಡು ತೂತು ಕಂಡರೆ ಒಳಗೆ ಸುರಂಗ ಎಷ್ಟು ದೂರ ಹೋಗಿದೆ ಎಂದು ಹೇಳಲಾಗದು. ಹಳೆಯ, ಕಪ್ಪು ಹಿಡಿದ ತೂತಾದರೆ ಹುಳು ಎಂದೋ ಹೋಗಿರಬಹುದು. ಪೆಟ್ಟಿಗೆಯಲ್ಲಿ ತಿಳಿ ಬಣ್ಣದ ಹೊಸ ಪುಡಿ ಬಿದ್ದಿದ್ದರೆ ಹುಳು ಜೀವಂತವಿದೆ. ಆ ಪಿಟೀಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬೇರೆ ವಾದ್ಯಗಳಿಂದ ದೂರ ಇಟ್ಟು, ತಿಳಿದವರಿಗೆ ತೋರಿಸಿ. ಕೀಟನಾಶಕ ಸಿಂಪಡಿಸಬೇಡಿ.

ಹಂತ 8: ವಾರ್ನಿಷ್

ಹಳೆಯ ವಾರ್ನಿಷ್ ಸವೆದಿದ್ದರೆ ಅದು ಹಾನಿಯಲ್ಲ. ಮೇಲುಭಾಗದ ಬಲ ಹೆಗಲಿಗೆ ನುಡಿಸುವವರ ಅಂಗೈ ತಾಗಿ ಬಣ್ಣ ಹೋಗಿರುತ್ತದೆ. ಗಲ್ಲ ಇಡುವ ಕಡೆಯೂ ಹಾಗೆಯೇ. ಚಿನ್ ರೆಸ್ಟ್ ಬಂದದ್ದೇ 1820ರ ಸುಮಾರಿಗೆ, ಲೂಯಿ ಸ್ಪೋರ್ ಎಂಬ ಜರ್ಮನ್ ಪಿಟೀಲು ವಾದಕರಿಂದ. ಅದಕ್ಕೂ ಮೊದಲು ನುಡಿಸಿದ ವಾದ್ಯಗಳಲ್ಲಿ ಗಲ್ಲ ನೇರವಾಗಿ ಮರಕ್ಕೇ ತಾಗುತ್ತಿತ್ತು.

ಇದಕ್ಕೆ ಹೊಸ ವಾರ್ನಿಷ್ ಬಳಿಸಬೇಕು ಎಂದು ಯಾರಾದರೂ ಹೇಳಿದರೆ ಕೈ ಮುಗಿದು ಬೇಡ ಅನ್ನಿ. ಒಮ್ಮೆ ಕೆರೆದು ಹೊಸದು ಬಳಿದರೆ ಮೂಲದ್ದು ಮತ್ತೆ ಸಿಗುವುದಿಲ್ಲ. ಮೈಯೆಲ್ಲ ಒಂದೇ ಸಮ ಹೊಳೆಯುವ ಹಳೆಯ ಪಿಟೀಲು ಕಂಡರೆ ನನಗೆ ಸಂತೋಷಕ್ಕಿಂತ ಅನುಮಾನ ಜಾಸ್ತಿ. ಕತ್ತಲಲ್ಲಿ ಯುವಿ (ನೇರಳಾತೀತ) ಟಾರ್ಚ್ ಹಿಡಿದರೆ ಹಳೆಯ ವಾರ್ನಿಷ್ ಒಂದು ಬಣ್ಣದಲ್ಲಿ, ಆಮೇಲೆ ಹಚ್ಚಿದ್ದು ಇನ್ನೊಂದು ಬಣ್ಣದಲ್ಲಿ ಕಾಣುತ್ತದೆ. ಮುಚ್ಚಿಟ್ಟ ಬಿರುಕು ಬಹಳ ಸಲ ಹೀಗೇ ಸಿಕ್ಕಿಬೀಳುತ್ತದೆ.

ಕಮಾನನ್ನು ಮರೆಯಬೇಡಿ

ಪೆಟ್ಟಿಗೆಯಲ್ಲಿ ಹಳೆಯ ಕಮಾನೂ ಇರುತ್ತದೆ. ಕೆಲವೊಮ್ಮೆ ಪಿಟೀಲಿಗಿಂತ ಅದೇ ಬೆಲೆ ಬಾಳುತ್ತದೆ. ಕೂದಲು ತುಂಡು ತುಂಡಾಗಿ ಉದುರಿದ್ದರೆ ಪೆಟ್ಟಿಗೆಯೊಳಗೆ ಕೂದಲು ತಿನ್ನುವ ಸಣ್ಣ ಹುಳು ಸೇರಿದೆ. ಪೆಟ್ಟಿಗೆಯನ್ನು ಗುಡಿಸಿ, ಕೆಲವು ದಿನ ಬೆಳಕಿಗೆ ತೆರೆದಿಡಿ. ಕಡ್ಡಿಯ ಉದ್ದಕ್ಕೆ ಒಂದು ಕಣ್ಣು ಮುಚ್ಚಿ ನೋಡಿ, ಪಕ್ಕಕ್ಕೆ ತಿರುಚಿದೆಯೇ ತಿಳಿಯುತ್ತದೆ. ತಲೆಯ ಭಾಗವನ್ನು ಭೂತಗನ್ನಡಿಯಲ್ಲಿ ನೋಡಲೇಬೇಕು. ಅಲ್ಲಿ ಬಿರುಕಿದ್ದರೆ, ಎಷ್ಟೇ ಚೆನ್ನಾಗಿ ಸರಿಮಾಡಿದರೂ ಕಮಾನಿನ ಬೆಲೆಯ ದೊಡ್ಡ ಪಾಲು ಹೋದಂತೆ. ಒಳ್ಳೆಯ ಕಮಾನುಗಳ ಮರ ಬ್ರೆಜಿಲ್‌ನ ಪೆರ್ನಾಂಬುಕೊ. 2007ರಿಂದ ಅದು ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಹಳೆಯ ಕಮಾನಿನ ತುದಿಯಲ್ಲಿ ಆನೆ ದಂತ, ಹಿಡಿಯ ಹತ್ತಿರ ಆಮೆ ಚಿಪ್ಪು ಇರಬಹುದು. ಗಡಿ ದಾಟಿಸುವ ಮುಂಚೆ ಕಾಗದಪತ್ರ ಕೇಳಿ ತಿಳಿದುಕೊಳ್ಳಿ.

ಹಳೆಯ ಗಿಟಾರ್ ಆದರೆ

ಬಿರುಕು ನೋಡುವ ರೀತಿ ಒಂದೇ. ಬೇರೆಯಾಗಿ ನೋಡಬೇಕಾದದ್ದು ಮೂರು ಜಾಗ. ಗಿಟಾರಿನ ಬ್ರಿಡ್ಜನ್ನು, ಅಂದರೆ ಅದರ ಕುದುರೆಯನ್ನು, ಹಲಗೆಗೆ ಅಂಟಿಸಿರುತ್ತಾರೆ. ಅದರ ಹಿಂಬದಿಗೆ ಕಾಗದ ಜಾರಿಸಿ ನೋಡಿ, ಎದ್ದಿದೆಯೇ ಅಂತ. ಬ್ರಿಡ್ಜಿನ ಹಿಂದೆ ಹಲಗೆ ಜಾಸ್ತಿ ಉಬ್ಬಿದ್ದರೆ ಒಳಗಿನ ಆಧಾರ ಪಟ್ಟಿಗಳು ಬಿಟ್ಟಿರಬಹುದು. ತಟ್ಟಿದಾಗ ಒಳಗೆ ಝಣ್ ಎಂದು ನಡುಗಿದರೆ ಖಂಡಿತ. ಇನ್ನು ಉದ್ದ ಸ್ಕೇಲನ್ನು ಕತ್ತಿನ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ಮೇಲೆ ಇಟ್ಟು ನೋಡಿ. ಅದರ ತುದಿ ಬ್ರಿಡ್ಜಿನ ಮರದ ನೆತ್ತಿಯ ಮಟ್ಟಕ್ಕೆ ಬರಬೇಕು. ಕೆಳಗೆ ಬಂದು ಬ್ರಿಡ್ಜಿನ ಮೈಗೆ ಗುದ್ದಿದರೆ ಕತ್ತನ್ನು ಬಿಚ್ಚಿ ಮತ್ತೆ ಕೂರಿಸಬೇಕು.

19ನೇ ಶತಮಾನದ ಗಿಟಾರ್‌ಗಳನ್ನು ಕರುಳಿನ ತಂತಿಗೆಂದು ಹಗುರವಾಗಿ ಕಟ್ಟಿದ್ದರು. ಇಂದಿನ ಸ್ಟೀಲ್ ತಂತಿಗಳು ಒಟ್ಟು 70 ಕೆ.ಜಿ.ಯ ಆಸುಪಾಸಿನ ಬಲದಿಂದ ಎಳೆಯುತ್ತವೆ. ಅವನ್ನು ಇಂಥ ಹಳೆಯ ಗಿಟಾರಿಗೆ ಹಾಕಿದರೆ ಅದು ಮುರಿದೇ ಹೋಗುತ್ತದೆ. ಎಷ್ಟೋ ಚಂದದ ವಾದ್ಯಗಳು ಹೀಗೆ ಹೋಗಿವೆ ಎಂದು ನೆನೆದರೆ ನೋವಾಗುತ್ತದೆ.

ನೋಡಿದ ಮೇಲೆ

ಕಂಡದ್ದನ್ನೆಲ್ಲ ಫೋಟೊ ತೆಗೆಯಿರಿ. ಬಿರುಕಿನ ಪಕ್ಕ ಸ್ಕೇಲು ಇಟ್ಟು, ಅದರ ಎರಡು ತುದಿ ಎಲ್ಲಿದೆ ಎಂದು ಬರೆದಿಡಿ. ಆರು ತಿಂಗಳ ನಂತರ ಅದು ಉದ್ದವಾಗಿದ್ದರೆ ಬಿರುಕು ಇನ್ನೂ ಓಡುತ್ತಿದೆ. ಹಾಗೇ ಇದ್ದರೆ ನಿಂತಿದೆ. ಹೆಸರಾಂತ ಹಳೆಯ ಪಿಟೀಲುಗಳಲ್ಲೂ ನಿಂತ ಬಿರುಕುಗಳು ಬೇಕಾದಷ್ಟಿವೆ. ಅವು ದಿನಾ ನುಡಿಯುತ್ತಿವೆ.

ಇಡುವ ಜಾಗದ ತೇವಾಂಶ 40ರಿಂದ 60 ಶೇಕಡದೊಳಗೆ ಇರಲಿ. ಪೆಟ್ಟಿಗೆಯಲ್ಲಿ ಒಂದು ಪುಟ್ಟ ಹೈಗ್ರೋಮೀಟರ್ ಇಟ್ಟರೆ ಗೊತ್ತಾಗುತ್ತದೆ. ನಿಂತ ಕಾರಿನಲ್ಲಿ ಬಿಡಬೇಡಿ. ನುಡಿಸಿದ ಮೇಲೆ ಕಮಾನಿನಿಂದ ಉದುರಿದ ರೋಸಿನ್ (ರಾಳ) ಪುಡಿಯನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಗಟ್ಟಿಯಾಗಿ ಅಂಟಿದ್ದನ್ನು ಕೆರೆಯಬೇಡಿ.

ರಿಪೇರಿಗೆ ಕೊಡುವಾಗ ಒಂದು ಪ್ರಶ್ನೆ ತಪ್ಪದೇ ಕೇಳಿ: ಯಾವ ಅಂಟು ಬಳಸುತ್ತೀರಿ? ಮತ್ತೆ ಬಿಡಿಸಲು ಬರುವ ಅಂಟು ಎಂಬ ಉತ್ತರ ಬಾರದಿದ್ದರೆ ಪಿಟೀಲನ್ನು ವಾಪಸ್ ತನ್ನಿ.

ಈಗ ಲೇಬಲ್ ಓದಿ

ಸ್ಟ್ರಾಡಿವಾರಿಯಸ್ ಎಂದು ಬರೆದಿದೆಯೇ? ಇಟಲಿಯ ಕ್ರೆಮೋನಾದ ಹೆಸರಾಂತ ಪಿಟೀಲು ತಯಾರಕ ಆಂಟೋನಿಯೊ ಸ್ಟ್ರಾಡಿವಾರಿ ತೀರಿಕೊಂಡದ್ದು 1737ರಲ್ಲಿ. ಅವರ ವಾದ್ಯಗಳಲ್ಲಿ ಇಂದು ಉಳಿದಿರುವುದು ಸುಮಾರು 650. ಅವರ ಹೆಸರಿನ ಲೇಬಲ್ ಇರುವ ಕಾರ್ಖಾನೆ ಪಿಟೀಲುಗಳಿಗಂತೂ ಲೆಕ್ಕವಿಲ್ಲ. ಯಾವ ಮಾದರಿಯನ್ನು ನೋಡಿ ಮಾಡಿದ್ದು ಎಂದು ತಿಳಿಸಲು ಆ ಲೇಬಲ್ ಹಾಕುವ ರೂಢಿಯಿತ್ತು. ಅದರ ಜೊತೆ ಇಂಗ್ಲಿಷಿನಲ್ಲಿ ದೇಶದ ಹೆಸರು ಅಚ್ಚಾಗಿದ್ದರೆ, ಅದು ಹೆಚ್ಚಾಗಿ 1890ರ ಅಮೆರಿಕದ ಆಮದು ಸುಂಕದ ಕಾಯ್ದೆಯ ನಂತರದ್ದು. ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರಿರಬೇಕು ಎಂದು ಆ ಕಾಯ್ದೆ ಹೇಳಿತು.

ಕಾಲವನ್ನು ನಿಜವಾಗಿ ಹೇಳುವುದು ಮರ. ಮೇಲ್ಹಲಗೆಯ ಎಳೆಗಳು ಆ ಮರದ ವರ್ಷದ ಬಳೆಗಳು. ಅವುಗಳ ಅಗಲದ ಸಾಲನ್ನು ಅಳೆದು, ಆ ಮರ ಯಾವ ವರ್ಷದವರೆಗೆ ಬೆಳೆದಿತ್ತು ಎಂದು ಕಂಡುಹಿಡಿಯುತ್ತಾರೆ. ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿರುವ, 1716ರ ಮೆಸೈಯಾ ಎಂಬ ಸ್ಟ್ರಾಡಿವಾರಿ ಪಿಟೀಲು ಅಸಲಿಯೇ ಎಂದು ದೊಡ್ಡ ವಾದವೇ ನಡೆದಾಗ ಹೀಗೇ ಅಳೆದರು. ಕೊನೆಯ ಬಳೆ 1680ರ ದಶಕದ್ದೆಂದು ತಿಳಿಯಿತು. ಲೇಬಲಿನ ವರ್ಷಕ್ಕೆ ಅದು ಹೊಂದುತ್ತದೆ. ಈ ಪರೀಕ್ಷೆ ಮರದ ವಯಸ್ಸನ್ನು ಹೇಳುತ್ತದೆ, ಮಾಡಿದವರ ಹೆಸರನ್ನಲ್ಲ.

ಲೇಬಲ್ ಸುಳ್ಳಾದರೂ ಕೀಳಬೇಡಿ, ತಿದ್ದಬೇಡಿ. ಅದರ ಸುತ್ತಮುತ್ತ ಕನ್ನಡಿ ಹಿಡಿದು ಇನ್ನೊಮ್ಮೆ ನೋಡಿ. ಹಿಂದೆ ರಿಪೇರಿ ಮಾಡಿದವರು ಕೆಲವೊಮ್ಮೆ ಹಲಗೆಯ ಒಳಮೈಯಲ್ಲಿ ಪೆನ್ಸಿಲಿನಿಂದ ಹೆಸರು, ವರ್ಷ, ಮಾಡಿದ ಕೆಲಸ ಬರೆದಿರುತ್ತಾರೆ. ಅದು ಸಿಕ್ಕಿದರೆ ಅಕ್ಷರ ಬಿಡದೆ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ನಿಮ್ಮ ಬಿರುಕಿನ ಫೋಟೊಗಳ ಜೊತೆಗೆ ಅದನ್ನೂ ರಿಪೇರಿಯವರಿಗೆ ತೋರಿಸಿ.